ಬದುವಿನ ಮೇಲಿನ ಪ್ರಶ್ನೆ

ಬೆಳಿಗ್ಗೆ ಏಳಕ್ಕೆ ಮೇಸ್ತ್ರಿ ಹುಲುಗೇಶ್ ಬದುವಿನ ಮೇಲೆ ನಿಲ್ಲುತ್ತಿದ್ದ. ಕೈಯಲ್ಲಿ ಒಂದು ಬರಲು, ಜಾಲಿಯ ಉದ್ದ ಕಡ್ಡಿ. ಅದು ಹೊಡೆಯುವುದಕ್ಕಲ್ಲ, ತೋರಿಸುವುದಕ್ಕೆ. ಹನ್ನೆರಡು ಹೆಂಗಸರು ಖಾಲಿ ಕೊಡ, ಚೊಂಬು ಹಿಡಿದು ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬಳ ಮುಂದೆಯೂ ಬರಲು ಅಡ್ಡ ಬರುತ್ತಿತ್ತು.

“ಹೊರಗ ಅದೀಯೇನು?”

“ಇಲ್ಲಣ್ಣ.”

ಬರಲು ಮೇಲೇಳುತ್ತಿತ್ತು. ರೈಲ್ವೆ ಗೇಟು ಎತ್ತಿದ ಹಾಗೆ. ಹೆಂಗಸು ದಾಟುತ್ತಿದ್ದಳು.

ಮುಟ್ಟಾದವರು ಮೆಣಸಿನ ಹೂವಿನೊಳಗೆ ಕಾಲಿಡಬಾರದು. ಇಟ್ಟರೆ ಹೂ ಉದುರುತ್ತದೆ, ಎಲೆ ಮುದುಡುತ್ತದೆ, ಹುಳ ಬೀಳುತ್ತದೆ. ಹಿಂದೆ ಇದು ವೀಳ್ಯದೆಲೆ ತೋಟಗಳ ಕಟ್ಟಳೆಯಾಗಿತ್ತು. ತೋಟಗಳು ಹೋದವು, ಕಟ್ಟಳೆ ಹೋಗಲಿಲ್ಲ. ಕಾಲುವೆ ಬಂತು, ಸಿರಿಗೇರಿಯ ಕರಿಮಣ್ಣಿಗೆ ಮೆಣಸಿನಕಾಯಿ ಬಂತು, ಕಟ್ಟಳೆ ಎದ್ದು ಹೋಗಿ ಅದರ ಹೂವಿನ ಮೇಲೆ ಕೂತಿತು. ಗಂಡಸರಿಗೆ ಪ್ರಶ್ನೆ ಇರಲಿಲ್ಲ. ಕುಡಿದು ಬಂದವನಿಗೂ ಇರಲಿಲ್ಲ. ಗುಟ್ಕಾ ಅಗಿದು ಹೂವಿನ ಮೇಲೆ ಉಗುಳುತ್ತ ಹೋಗುವವನಿಗೂ ಇರಲಿಲ್ಲ.

ಊರಮ್ಮ ನಾಲ್ಕು ವರ್ಷದಿಂದ “ಇಲ್ಲಣ್ಣ” ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು. ಅವಳ ಹೊಟ್ಟೆಯಲ್ಲಿ ಗರ್ಭಚೀಲವೇ ಇರಲಿಲ್ಲ.

ಮೂವತ್ತೊಂದನೆಯ ವಯಸ್ಸಿಗೆ ಅದನ್ನು ತೆಗೆದರು. ಸೊಂಟದ ಮೇಲೆ ಕೊಡ, ಕೊಡದ ಮೇಲೆ ಕೊಡ, ದಿನಕ್ಕೆ ನೂರು ಸಲ ಕಾಲುವೆಯಿಂದ ಡ್ರಮ್ಮಿಗೆ. ಬಿಳಿ ಹೋಗುತ್ತಿತ್ತು, ಆಮೇಲೆ ಕೆಂಪು ನಿಲ್ಲದಾಯಿತು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಮುಖ ಎತ್ತದೆ ಬರೆದರು. “ತೆಗೆಸಿಬಿಡಮ್ಮ. ಮಕ್ಕಳಾಗಿದಾವಲ್ಲ, ಇನ್ನು ಯಾಕೆ ಅದು?” ಹಳೆಯ ಟೈರು ಬದಲಿಸು ಎಂದ ಹಾಗೆ. ಕೇರಿಯಲ್ಲಿ ಹೊಟ್ಟೆಯೊಳಗಿನ ಗಡ್ಡೆ ತೆಗೆಸಿದೆ ಎಂದಳು. ಗಂಡ ಎರ್ರಿಗೆ ಬಿಟ್ಟು ಯಾರಿಗೂ ನಿಜ ಹೇಳಲಿಲ್ಲ. ಹೇಳಿದರೆ ಆ ದಿನದಿಂದ ಹೆಸರು ಹೋಗಿ ‘ಗೊಡ್ಡಿ’ ಆಗುತ್ತಾಳೆ.

ತಿಂಗಳುಗಟ್ಟಲೆ ಒಂದು ದಿನವೂ ರಜೆ ಹಾಕದಿದ್ದರೆ ಜನಕ್ಕೆ ಅನುಮಾನ ಬರುತ್ತದೆ. ಅದಕ್ಕೆ ಊರಮ್ಮ ತಿಂಗಳಿಗೆ ಮೂರು ದಿನ ತಾನೇ ಗೊತ್ತು ಮಾಡಿಕೊಂಡು ಬದುವಿನ ಮೇಲೆ ತಲೆ ತಗ್ಗಿಸಿ ಸುಳ್ಳು ಹೇಳುತ್ತಿದ್ದಳು. “ಹೊರಗ ಅದೀನಣ್ಣ.” ಬರಲು ಕೆಳಗೇ ಇರುತ್ತಿತ್ತು. ಬೇರೆಯವಳು ಹಾಗೆ ಮೂರು ದಿನ ತಪ್ಪಿಸಿದರೆ ಮೇಸ್ತ್ರಿ ಹುಲುಗೇಶ್ ಅವಳ ಜಾಗಕ್ಕೆ ಇನ್ನೊಬ್ಬಳನ್ನು ತರುತ್ತಿದ್ದ. ಊರಮ್ಮನನ್ನು ಬಿಡುವ ಹಾಗಿರಲಿಲ್ಲ. ಎಣ್ಣೆ ಬೆರೆಸುವ ಕೈ ಅವಳದು. ಕೀಟನಾಶಕಕ್ಕೆ ಇಲ್ಲಿ ಎಣ್ಣೆ ಎನ್ನುತ್ತಾರೆ. ನಾಲ್ಕು ಬಾಟಲಿಯ ಎಣ್ಣೆಯನ್ನು ಒಂದೇ ಡ್ರಮ್ಮಿಗೆ ಸುರಿದು, ಕೋಲು ಮುರಿದರೆ ಮೊಣಕೈವರೆಗೆ ತೋಳು ಇಳಿಸಿ ತಿರುವುತ್ತಿದ್ದಳು. ಬಲಗೈಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

ಆ ಮೂರು ದಿನ ಅವಳು ಮನೆಯಲ್ಲಿ ಕೂರುತ್ತಿರಲಿಲ್ಲ. ತನ್ನ ಅರವತ್ತು ಸೆಂಟಿಗೆ ಹೋಗುತ್ತಿದ್ದಳು.

ಅದು ಅವಳದಲ್ಲ. ಧಣಿ ಚನ್ನಬಸವರಾಜನದು. ಅವನ ಹನ್ನೊಂದು ಎಕರೆಯ ತುದಿಗೆ, ಕಾಲುವೆ ನೀರು ಜಿನುಗಿ ಚೌಳಾಗಿ ಬಿದ್ದಿದ್ದ ಮೂಲೆ. ಏನೂ ಬೆಳೆಯದ ನೆಲವೆಂದು ಬಾಯಿಮಾತಿನ ಗುತ್ತಿಗೆಗೆ ಕೊಟ್ಟಿದ್ದ. ಮೂರು ವರ್ಷ ಗಂಡ ಹೆಂಡತಿ ಅಲ್ಲಿಗೆ ತಿಪ್ಪೆಗೊಬ್ಬರ ಹೊತ್ತರು. ಈ ವರ್ಷ ಮೊದಲ ಬಾರಿಗೆ ಮೆಣಸಿನ ಗಿಡ ಮೊಣಕಾಲು ದಾಟಿ ಬೆಳೆದು ಹೂ ಬಿಟ್ಟಿತ್ತು.

ಆ ಹೂವನ್ನು ಎಣ್ಣೆ ಇಲ್ಲದೆ ಉಳಿಸಿಕೊಂಡಿದ್ದಳು ಊರಮ್ಮ. ಅದನ್ನು ಅವಳು ಕಲಿತದ್ದು ಒಂದು ಖಾಲಿ ಕುರ್ಚಿಯ ದೆಸೆಯಿಂದ.

ಶ್ರಾವಣದಲ್ಲಿ ಸಿರುಗುಪ್ಪದಲ್ಲಿ ರೈತರಿಗೆ ತರಬೇತಿ ಇತ್ತು. ಕುರ್ಚಿ ತುಂಬಲಿಲ್ಲವೆಂದು ಫೋಟೋಕ್ಕಾಗಿ ಕೂಲಿ ಹೆಂಗಸರನ್ನು ಟೆಂಪೋದಲ್ಲಿ ಹೇರಿಕೊಂಡು ಹೋದರು. ಮುಂದಿನ ಸಾಲಿನವರು ಮೊಬೈಲು ನೋಡಿದರು. ಹಿಂದಿನ ಸಾಲಿನವರು ಉಪ್ಪಿಟ್ಟಿನ ದಾರಿ ನೋಡಿದರು. ಊರಮ್ಮ ಕೇಳಿಸಿಕೊಂಡಳು. ತರಬೇತಿ ಕೊಡಲು ಬಂದ ವೀರೇಶ್ ಎಂಬ ಹುಡುಗ ಒಂದು ಮೆಣಸಿನ ಹೂ ಕಿತ್ತು ಬಿಳಿ ಹಾಳೆಯ ಮೇಲೆ ಬಡಿದ. ಹಾಳೆಯ ಮೇಲೆ ಕರಿ ಚುಕ್ಕೆಗಳು ಬಿದ್ದವು. ಬಿದ್ದ ಚುಕ್ಕೆಗಳು ಓಡಿದವು.

“ಇದಾ ನೋಡ್ರಿ ಕರಿ ತ್ರಿಪ್ಸ್. ಹೂವಿನಾಗ ಕುಂತು ರಸ ಹೀರತೈತಿ. ಮೊದ್ಲು ಎಣಸ್ರಿ. ಎಣಸದ ಎಣ್ಣಿ ಹೊಡಿಬ್ಯಾಡ್ರಿ. ನೀವು ನಾಕು ಎಣ್ಣಿ ಕೂಡಿಸಿ ಹೊಡದ್ರ ಇದನ್ನ ತಿನ್ನೋ ಹುಳ ಮೊದ್ಲು ಸಾಯತಾವು. ಇದು ಉಳಿತೈತಿ.”

ಸುತ್ತ ಎರಡು ಸಾಲು ಜೋಳ ಹಾಕಿ, ಗಾಳಿಯಲ್ಲಿ ಬರುವ ಹುಳಕ್ಕೆ ಅಡ್ಡವಾಗುತ್ತದೆ ಎಂದ. ಬೇವಿನ ಬೀಜ ಕುಟ್ಟಿ ನೆನೆಸಿ ಸೋಸಿ ಹೊಡೆಯಿರಿ ಎಂದ. ನೀಲಿ ಅಂಟು ಹಾಳೆ ಕಟ್ಟಿ, ನೀಲಿ ಕಂಡರೆ ಈ ಹುಳ ಬಂದು ಕೂರುತ್ತದೆ ಎಂದ. ಕೊನೆಗೆ ಹಾಳೆಗಳನ್ನು ಹಂಚಿದರು. ಊರಮ್ಮ ಕೈ ಚಾಚಿದಳು. ಹಂಚುವವನು ಪಟ್ಟಿ ನೋಡಿದ.

“ಪಹಣಿ ಯಾರ ಹೆಸರಿಗೈತಿ?”

“ಪಹಣಿ ಧಣೇರ ಹೆಸರಿಗೈತ್ರಿ. ಗಿಡ ನನ್ನ ಹೆಸರಿಗದಾವು.”

ಮುಂದಿನ ಸಾಲು ಅವತ್ತು ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿ ನಕ್ಕಿತು. ಚನ್ನಬಸವರಾಜನಿಗೆ ಹತ್ತು ಕಟ್ಟು ಸಿಕ್ಕವು. ಅವು ಅವನ ಶೆಡ್ಡಿನಲ್ಲಿ ಬಿಚ್ಚದೆ ಬಿದ್ದವು.

ಊರಮ್ಮ ಬಳ್ಳಾರಿ ಬಸ್ಸು ಹತ್ತಿದಳು. ಕೌಲ್ ಬಜಾರಿನ ಗುಜರಿಯಲ್ಲಿ ಒಡೆದ ನೀಲಿ ಡ್ರಮ್ಮಿನ ತುಂಡುಗಳನ್ನು ಆರಿಸಿದಳು. ಪಕ್ಕದ ಗ್ಯಾರೇಜಿನಲ್ಲಿ ಕೆಟ್ಟ ಗ್ರೀಸು ಕೇಳಿದಳು.

“ಏನ್ ಮಾಡ್ತಿಯಮ್ಮಾ ಇದನ್ನ?” ಮೆಕಾನಿಕ್ ಕೇಳಿದ.

“ಹುಳ ಹಿಡಿತೀನ್ರಿ ಭಾಯಿ.”

“ಹಂಗಾರ ನಮ್ಮ ಅಂಗಡಿ ನೊಣಾನೂ ಹಿಡ್ಕೊಂಡು ಹೋಗು, ಪುಣ್ಯ ಬರ್ತದ.”

ಹೀಗೆ ಅರವತ್ತು ಸೆಂಟಿನ ಸುತ್ತ ಜೋಳ ನಿಂತಿತು. ಗಿಡಗಳ ನಡುವೆ ಗೂಟಗಳ ಮೇಲೆ ಗ್ರೀಸು ಬಳಿದ ನೀಲಿ ತುಂಡುಗಳು ನಿಂತವು. ಬೇವಿನ ಬೀಜ ಕುಟ್ಟಿ ಕುಟ್ಟಿ ಒನಕೆ ಕಹಿಯಾಯಿತು. ಸುಳ್ಳು ಹೇಳಿ ಪಡೆದ ಆ ಮೂರು ಮೂರು ದಿನಗಳಲ್ಲಿ ಊರಮ್ಮ ಸೀರೆ ಕಚ್ಚೆ ಕಟ್ಟಿ, ಮಗನ ಹಳೆಯ ನೋಟ್‌ಬುಕ್ಕಿನ ಹಾಳೆ ಹಿಡಿದು ಹೂ ಬಡಿದಳು, ಎಣಿಸಿದಳು. ಒಂದು ಹೂವಿಗೆ ಮೂರು. ಇನ್ನೊಂದಕ್ಕೆ ಐದು. ಮತ್ತೊಂದರಲ್ಲಿ ಸಣ್ಣ ತಿಗಣೆಯಂಥದ್ದೊಂದು ಕರಿಹುಳವನ್ನು ಕಚ್ಚಿ ಹಿಡಿದಿತ್ತು. ಅದನ್ನು ನೋಡಿ ಅವಳು ಒಬ್ಬಳೇ ನಕ್ಕಳು. “ತಿನ್ನವ್ವಾ, ತಿನ್ನು.”

ಅವಳು ಹಾಗೆ ಹೂವಿನೊಳಗೆ ಕೂತಿದ್ದನ್ನು ಹುಲುಗೇಶ್ ದೂರದಿಂದ ನೋಡಿದ. ಮೂರು ತಿಂಗಳು ನೋಡಿದ.

ಅತ್ತ ಹನ್ನೊಂದು ಎಕರೆಗೆ ಏಳು ಸಲ ಎಣ್ಣೆ ಬಿತ್ತು. ಕುರುಗೋಡಿನಲ್ಲಿ ಚನ್ನಬಸವರಾಜನ ಭಾವಮೈದುನನದೇ ಎಣ್ಣೆ ಅಂಗಡಿ. ಪ್ರತಿ ಸಲವೂ ಚೀಟಿಯಲ್ಲಿ ಒಂದು ಹೊಸ ಬಾಟಲಿ ಸೇರುತ್ತಿತ್ತು. ಎರ್ರಿ ಮತ್ತು ಇನ್ನೂ ಆರು ಜನ ಬೆನ್ನಿಗೆ ಹದಿನಾರು ಲೀಟರಿನ ಪಂಪು ಕಟ್ಟಿ ಸಾಲುಗಳಲ್ಲಿ ನಡೆದರು. ತೊಯ್ದ ಗಿಡ ತೊಡೆಗೆ ಉಜ್ಜುತ್ತಿತ್ತು. ಎರ್ರಿಯ ಉಗುರು ಹಳದಿಯಾದವು. ಸಾರಿನ ವಾಸನೆ ಗೊತ್ತಾಗುವುದು ಅವನಿಗೆ ಹೋಗಿ ಎರಡು ವರ್ಷವಾಗಿತ್ತು. ಹುಳ ಮಾತ್ರ ಹೋಗಲಿಲ್ಲ. ಹೂ ಕಂದಿ ಸೊಟ್ಟಗಾಗಿ ಉದುರಿತು.

ಏಳು ಸಲ ಹೊಡೆದರೂ ಹೋಗದ ಹುಳಕ್ಕೆ ಯಾರಾದರೂ ಹೊಣೆಯಾಗಬೇಕಿತ್ತು. ಅಂಗಡಿ ಆಗುವುದಿಲ್ಲ, ಅದು ಭಾವಮೈದುನನದು. ಚೀಟಿ ಆಗುವುದಿಲ್ಲ, ಅದರ ಮೇಲೆ ಇಂಗ್ಲಿಷು ಇದೆ. ಹೋದ ವರ್ಷ ಹೀಗೇ ಹುಳ ಬಿದ್ದಾಗ, ಮುಟ್ಟಾಗಿ ಒಳಗೆ ಬಂದಳೆಂದು ಒಬ್ಬಳ ಕೈಗೆ ಅರಿಶಿಣ ನೀರಿನ ಕೊಡ ಕೊಟ್ಟು, ತಲೆ ಮೇಲೆ ಸೆರಗಿಲ್ಲದೆ, ಚಿಮುಕಿಸುತ್ತ ಚಿಮುಕಿಸುತ್ತ ಹನ್ನೊಂದು ಎಕರೆ ಸುತ್ತಿಸಿದ್ದರು. ಹೊಲ ತೊಳೆಯುವುದು ಎನ್ನುತ್ತಾರೆ ಅದಕ್ಕೆ. ಅವಳು ಊರನ್ನೇ ಬಿಟ್ಟು ತವರಿಗೆ ಹೋದಳು, ಆದೋನಿಯ ಕಡೆ.

ಎಂಟನೆಯ ಸಲ ಎಣ್ಣೆ ಹೊಡೆಯುವ ದಿನ ಬೆಳಿಗ್ಗೆ ಬದುವಿನ ಮೇಲೆ ಹುಲುಗೇಶ್ ಒಬ್ಬನೇ ಇರಲಿಲ್ಲ. ಬಳ್ಳಾರಿಯ ಗಾಂಧಿನಗರದ ಮನೆಯಿಂದ ಚನ್ನಬಸವರಾಜನೇ ಕಾರಿನಲ್ಲಿ ಬಂದಿದ್ದ. ಬಿಳಿ ಪ್ಯಾಂಟು, ಬಿಳಿ ಅಂಗಿ, ಇಸ್ತ್ರಿಯ ಗೆರೆ ಚೂರಿಯ ಹಾಗೆ. ಅವನ ಹಿಂದೆ ಟ್ರ್ಯಾಕ್ಟರು ಗುರುಗುಡುತ್ತಿತ್ತು, ಬೆನ್ನಿಗೆ ಗಿಡ ಕೊಚ್ಚಿ ಮಣ್ಣು ಮಾಡುವ ರೋಟವೇಟರ್ ಕಟ್ಟಿಕೊಂಡು. ಆಯುಧಪೂಜೆಯ ಒಣಗಿದ ಹಾರ ಇನ್ನೂ ಮೂತಿಯಲ್ಲಿತ್ತು. ಸೀಟಿನ ಮೇಲೆ ಡ್ರೈವರ್ ಉಚ್ಚೆಂಗೆಪ್ಪ ಯಾರ ಮುಖವನ್ನೂ ನೋಡದೆ ಕೂತಿದ್ದ.

“ಏಳು ಸರ್ತಿ ಹೊಡದೀನಿ, ಏಳು ಸರ್ತಿ!” ಚನ್ನಬಸವರಾಜ ಕೂಗಿದ. “ಎಲ್ಲೋ ಗೂಡು ಐತಿ ಹುಳಕ್ಕ. ಎಲ್ಲೈತಿ?”

ಹುಲುಗೇಶನ ಬರಲು ಜೋಳದ ಸಾಲಿನ ಕಡೆ ಹೋಯಿತು. “ಅಲ್ಲೈತ್ರಿ ಧಣೇರ. ಒಮ್ಮಿನೂ ಎಣ್ಣಿ ಹೊಡದಿಲ್ಲ ಆಕಿ. ಹೊರಗ ಅದೀನಿ ಅಂತ ನನಗ ಹೇಳತಾಳ, ಹೋಗಿ ಹೂವಿನಾಗ ಕುಂಡ್ರತಾಳ. ಕಣ್ಣಾರೆ ನೋಡೀನ್ರಿ.”

ಊರಮ್ಮನ ಕಾಲಿನ ಬೆರಳು ಮಣ್ಣಿನಲ್ಲಿ ಮಡಚಿಕೊಂಡವು. ತಾನೇ ನೇಯ್ದ ಸುಳ್ಳು ತನ್ನ ಕತ್ತಿಗೇ ಬಂದಿತ್ತು.

“ಏ ಊರಿ,” ಚನ್ನಬಸವರಾಜ ಹತ್ತಿರ ಬಂದ. “ನಮ್ಮ ಮನ್ಯಾಗ ಇಂಥಾವೆಲ್ಲ ಇಲ್ಲ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ. ಆದ್ರ ಹೊಲದ ಕಟ್ಟಳಿ ಬ್ಯಾರೆ. ಹೌದೋ ಅಲ್ಲೋ ಹೇಳು. ಅಲ್ಲ ಅಂದ್ರ ದೇವರ ಮ್ಯಾಲೆ ಆಣಿ ಮಾಡು, ಗಾಡಿ ವಾಪಸ್ ಕಳಸ್ತೀನಿ. ನೀ ಅಲ್ಲಂದ್ರ ಮತ್ಯಾಕಿ ಅಂತ ಹುಲುಗೇಶ ಹುಡಕತಾನ. ಹೌದು ಅಂದ್ರ, ನಿನ್ನ ಗಿಡ ಈಗ ಮಣ್ಣಾಗ ಹೋಗತಾವು.”

ಟ್ರ್ಯಾಕ್ಟರಿನ ಹೊಗೆ ಹೂವಿನ ಮೇಲೆ ಹೋಯಿತು. ಎರ್ರಿ ಪಂಪು ಹೊತ್ತುಕೊಂಡೇ ಹೆಂಡತಿಯ ಪಕ್ಕಕ್ಕೆ ಬಂದ. ಅವನ ಕೈ ನಡುಗುತ್ತಿತ್ತು. ಈಗೀಗ ಅದು ಯಾವಾಗಲೂ ನಡುಗುತ್ತಿತ್ತು.

“ಹೇಳ್ಬಿಡೇ,” ಅಂದ ಪಿಸುದನಿಯಲ್ಲಿ. “ಆಸ್ಪತ್ರಿ ಚೀಟಿ ಟ್ರಂಕಿನಾಗೈತಿ. ಓಡಿ ಹೋಗಿ ತರ್ತೀನಿ. ಚೀಲಾನೇ ಇಲ್ಲಂದ ಮ್ಯಾಲೆ ಯಾವನ್ ಏನಂತಾನ?”

ಅಷ್ಟೇ ಸಾಕಿತ್ತು. ಒಂದು ಚೀಟಿ. ಅರವತ್ತು ಸೆಂಟು ಉಳಿಯುತ್ತಿತ್ತು.

ಅಷ್ಟರಲ್ಲಿ ಬರಲು ಸಾಲಿನ ಮೇಲೆ ಹರಿಯಿತು. ನಿಧಾನಕ್ಕೆ, ಒಬ್ಬೊಬ್ಬಳ ಹೊಟ್ಟೆಯ ಮಟ್ಟದಲ್ಲಿ. ಕೊನೆಯಲ್ಲಿ ನಿಂತಿದ್ದ ಪೂಜಿತಾಳ ಹತ್ತಿರ ನಿಂತಿತು. ಹತ್ತೊಂಬತ್ತರ ಹುಡುಗಿ. ಬೆಳಗಿನ ತಂಪಿನಲ್ಲೂ ಅವಳ ಮೇಲ್ದುಟಿ ಬೆವರಿತ್ತು. ಒಂದು ಕೈ ಕಿಬ್ಬೊಟ್ಟೆ ಒತ್ತಿ ಹಿಡಿದಿತ್ತು. ನಿನ್ನೆ ಕಾಲುವೆಯ ಹತ್ತಿರ ಊರಮ್ಮನೇ ಅವಳಿಗೆ ತನ್ನ ಹಳೆಯ ಸೀರೆಯ ತುಂಡು ಹರಿದು ಕೊಟ್ಟಿದ್ದಳು. “ಅಕ್ಕಾ, ರಜಾ ಹಾಕಿದ್ರ ತಗದ್ ಬಿಡ್ತಾನ. ಹೇಳಬ್ಯಾಡ” ಎಂದಿದ್ದಳು ಹುಡುಗಿ.

“ಪೂಜಿತಾ ಯಾಕ ಬೆವರಾಕತ್ತಾಳ?” ಹುಲುಗೇಶ್ ಕೇಳಿದ.

ಹುಡುಗಿ ಕಿಬ್ಬೊಟ್ಟೆಯಿಂದ ಕೈ ತೆಗೆದು ಕೊಡ ಅಡ್ಡ ಹಿಡಿದಳು.

ಊರಮ್ಮ ಅದನ್ನು ನೋಡಿದಳು. ಚೀಟಿ ಬಂದರೆ ಚನ್ನಬಸವರಾಜ ಕನ್ನಡಕ ಏರಿಸಿ ಅವಳ ಹೊಟ್ಟೆಯನ್ನು ಓದುತ್ತಾನೆ. ಓದಿ ತಲೆಯಾಡಿಸುತ್ತಾನೆ. ನಂತರ ಅರಿಶಿಣ ನೀರಿನ ಕೊಡ ಈ ಹುಡುಗಿಯ ಕೈಗೆ ಹೋಗುತ್ತದೆ. ಇವಳಲ್ಲದಿದ್ದರೆ ಇನ್ನೊಬ್ಬಳ ಕೈಗೆ. ಚೀಟಿ ತೋರಿಸಿದರೆ ಆ ಪ್ರಶ್ನೆ ಸರಿಯಾದದ್ದೇ ಎಂದು ಒಪ್ಪಿದ ಹಾಗೆ. ಕಾಲುವೆಯಿಂದ ಡ್ರಮ್ಮಿಗೆ ನೀರು ಹೊತ್ತು ಹೊತ್ತು ಕಳೆದುಕೊಂಡ ಚೀಲ ಅದು. ಅದನ್ನು ಇವನಿಗೇ ಸಾಕ್ಷಿಯಾಗಿ ಕೊಡಬೇಕೆ?



“ಹೊರಗ ಅದೀನ್ರಿ,” ಅಂದಳು ಊರಮ್ಮ.

ಎರ್ರಿ ಬಾಯಿ ತೆರೆದ. ಅವಳು ಅವನ ಕೈ ಹಿಡಿದು ಒತ್ತಿದಳು. ಅವನು ಬಾಯಿ ಮುಚ್ಚಿದ.

“ಇವತ್ತೂ ಅದೀನಿ. ಮೂರು ತಿಂಗಳಿಂದ ದಿನಾ ಅದೀನಿ. ಹಂಗಾ ನಿಮ್ಮ ಹೂವಿನಾಗೂ ಓಡಾಡೀನಿ, ನನ್ನ ಹೂವಿನಾಗೂ ಓಡಾಡೀನಿ. ಹೋದ ಆಯ್ತಾರ ನಿಮ್ಮ ಮಗಳು ಅಕ್ಷತಮ್ಮಾರು ಗೆಳತ್ಯಾರನ್ನ ಕರಕೊಂಡು ಬಂದು ಇದಾ ಹೂವಿನಾಗ ನಿಂತು ಫೋಟೋ ತಕ್ಕೊಂಡ್ರು. ಹುಲುಗೇಶಣ್ಣ ಅವರ ಚಪ್ಲಿ ಹಿಡಕೊಂಡು ನಿಂತಿದ್ದ. ಬರಲು ಹಿಡದಿರಲಿಲ್ಲ. ಅವರನ್ನ ಕೇಳಿದ್ರೇನ್ರಿ ಬದುವಿನ ಮ್ಯಾಲೆ?”

ಚನ್ನಬಸವರಾಜನ ಕಿವಿ ಕೆಂಪಾಯಿತು. “ನಾಲಿಗಿ ಬಿಗಿ ಹಿಡಿ.”

“ಹಿಡದಾ ಹಿಡದೀನ್ರಿ, ಇಷ್ಟು ವರ್ಸ.”

“ಹಚ್ಚಲೇ ಉಚ್ಚೆಂಗ್ಯಾ ಗಾಡಿ!”

ಟ್ರ್ಯಾಕ್ಟರು ಗೇರಿಗೆ ಬಿತ್ತು. ಆಗ ಸಾಲಿನಿಂದ ಸುಂಕಲಮ್ಮ ಮುಂದೆ ಬಂದಳು. ಎಪ್ಪತ್ತು ದಾಟಿದ ಮುದುಕಿ. ಕೊಡ ಹೊರಲಾರಳು, ಚೊಂಬಿನಿಂದ ಪಂಪಿಗೆ ನೀರು ತುಂಬುವವಳು.

“ನಾನೂ ಹೊರಗ ಅದೀನಪಾ,” ಅಂದಳು.

ಹುಲುಗೇಶ್ ಬಾಯಿ ಬಿಟ್ಟ. “ಏ ಮುದುಕಿ, ನಿನಗೆಷ್ಟು ವಯಸ್ಸು?”

“ಎಪ್ಪತ್ತೋ ಎಪ್ಪತ್ತೈದೋ. ನಿಂತು ಮೂವತ್ತು ವರ್ಸ ಆಗಿತ್ತು. ದಿನಾ ಬೆಳಿಗ್ಗೆ ನಿನ್ನ ಬರಲು ನೋಡಿ ನೋಡಿ, ಹೆದರಿ ಮತ್ತ ಬಂದುಬಿಟ್ಟೈತಿ. ನೋಡ್ತಿಯೇನು?”

ಸೀರೆಯ ನಿರಿಗೆಗೆ ಕೈ ಹಾಕಿದಳು. ಹುಲುಗೇಶ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಕಾಲು ಕಾಲುವೆಯಲ್ಲಿ ಬಿತ್ತು. ಪಂಪು ಹೊತ್ತ ಗಂಡಸರಲ್ಲಿ ಯಾರೋ ಕಿಸಕ್ಕೆಂದರು.

“ನಾನೂ ಅದೀನಿ,” ಎಂದಳು ಪೂಜಿತಾ. ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು. “ನಿನ್ನಿಯಿಂದ ಅದೀನಿ.”

“ನಾನೂ.”

“ನಂದೂ ಆಗೈತಿ.”

“ಬರ್ಕೋ ಹುಲುಗೇಶಣ್ಣ, ನನ್ನ ಹೆಸರೂ ಬರ್ಕೋ.”

ಹನ್ನೆರಡೂ ಜನ. ಒಬ್ಬೊಬ್ಬಳೂ ಕೊಡವನ್ನೋ ಚೊಂಬನ್ನೋ ಬದುವಿನ ಮೇಲೆ ಕುಕ್ಕಿದಳು. ಜೋಳದ ಸಾಲನ್ನು ಸರಿಸಿ ಅರವತ್ತು ಸೆಂಟಿನೊಳಗೆ ಹೋದಳು. ಸಾಲಿಗೊಬ್ಬಳಂತೆ ನಿಂತಳು. ನೀಲಿ ತುಂಡುಗಳ ನಡುವೆ, ಬಿಳಿ ಹೂವಿನ ನಡುವೆ.

ಟ್ರ್ಯಾಕ್ಟರು ಜೋಳದ ಅಂಚಿಗೆ ಬಂದು ನಿಂತಿತು. ಉಚ್ಚೆಂಗೆಪ್ಪ ಒಂದು ಗಳಿಗೆ ಸ್ಟೇರಿಂಗಿನ ಮೇಲೆ ಗದ್ದ ಊರಿದ. ಆಮೇಲೆ ಚಾವಿ ತಿರುಗಿಸಿದ. ಗುರುಗುಡುವುದು ನಿಂತಾಗ ಹೊಲ ಎಷ್ಟು ದೊಡ್ಡದೆಂದು ಗೊತ್ತಾಯಿತು.

“ಯಾಕಲೇ?”

“ಮೊನ್ನೆ ಪೂಜಿ ಆಗೈತ್ರಿ ಗಾಡಿಗೆ.” ಉಚ್ಚೆಂಗೆಪ್ಪ ಕೆಳಗಿಳಿದು ಗಂಭೀರವಾಗಿ ಕೈ ಕಟ್ಟಿದ. “ಇಷ್ಟು ಮಂದಿ ಹೊರಗಿದ್ದೋರ ನಡಕ ಹಾಯಿಸಿದ್ರ ಗಾಡಿಗೂ ಮೈಲಿಗಿ ಆಕ್ಕತಿ. ನೀವಾ ಹೇಳೀರಿ, ಹೊಲದ ಕಟ್ಟಳಿ ಅಂತ.”

ಡ್ರಮ್ಮಿನಲ್ಲಿ ನೀರಿರಲಿಲ್ಲ. ನೀರು ಹೊರುವವರು ಹೂವಿನಲ್ಲಿ ನಿಂತಿದ್ದರು. ಎರ್ರಿ ಮೊದಲು ಪಂಪು ಇಳಿಸಿದ. ಬೆಲ್ಟಿನ ಗುರುತು ಭುಜದಲ್ಲಿ ಕೆಂಪಗಿತ್ತು. ಉಳಿದ ಆರು ಪಂಪು ಒಂದೊಂದಾಗಿ ನೆಲಕ್ಕೆ ಬಂದವು.

“ಇದಕ್ಕೆಲ್ಲ ಅಂಜೋ ಮಗಾ ಅಲ್ಲ ನಾನು,” ಎಂದ ಚನ್ನಬಸವರಾಜ. ಆದರೆ ನಿಂತಲ್ಲೇ ನಿಂತಿದ್ದ. “ನಾಳಿ ಕುರುಗೋಡಿಂದ ಬ್ಯಾರೆ ಮಂದೀನ ತರ್ತೀನಿ.”

“ತರ್ರಿ. ಅವರನ್ನೂ ಬದುವಿನ ಮ್ಯಾಲೆ ಕೇಳ್ರಿ,” ಎಂದಳು ಊರಮ್ಮ. “ಅದಕ್ಕೂ ಮೊದ್ಲು ಒಂದು ನೋಡ್ರಿ.”

ಅವಳು ತನ್ನ ಗಿಡದಿಂದ ಒಂದು ಹೂ ಕಿತ್ತು ಜೋಳ ದಾಟಿ ಹೊರಬಂದಳು. ಅವನ ಹನ್ನೊಂದು ಎಕರೆಯ ಅಂಚಿನ ಗಿಡಕ್ಕೆ ಬಾಗಿ ಇನ್ನೊಂದು ಕಿತ್ತಳು. ಹಾಳೆಗಾಗಿ ಸೊಂಟಕ್ಕೆ ಕೈ ಹಾಕಿದಳು. ಅವತ್ತು ಹಾಳೆ ತಂದಿರಲಿಲ್ಲ. ಸುತ್ತ ನೋಡಿದಳು. ಕರಿಮಣ್ಣು, ಹಸಿರು, ನೀಲಿ, ಬಣ್ಣ ಹೋದ ಸೀರೆಗಳು. ಬಿಳಿ ಇದ್ದದ್ದು ಒಂದೇ ಕಡೆ.

“ಬಿಳೀದು ಬೇಕ್ರಿ ಇದಕ್ಕ.”

ಎಡಗೈಯಲ್ಲಿ ಚನ್ನಬಸವರಾಜನ ಅಂಗಿಯ ಅಂಚು ಹಿಡಿದು ಮೊರದ ಹಾಗೆ ಮುಂದಕ್ಕೆ ಚಾಚಿದಳು. ಸಿಪ್ಪೆಯೆದ್ದ ಬಲಗೈಯಿಂದ ಅವನ ಹೊಲದ ಹೂವನ್ನು ಅದರ ಮೇಲೆ ಬಡಿದಳು. ಟಪ್, ಟಪ್, ಟಪ್. ಅವನು ಹಿಂದೆ ಸರಿಯಲಿಲ್ಲ. ಸರಿಯಬೇಕೆಂಬುದೇ ಅವನಿಗೆ ಹೊಳೆಯಲಿಲ್ಲ. ಕೇರಿಯ ಹೆಂಗಸೊಬ್ಬಳು ತನ್ನ ಅಂಗಿ ಹಿಡಿದಾಗ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಸ್ತ್ರಿಯ ಬಿಳಿಯ ಮೇಲೆ ಕರಿ ಚುಕ್ಕೆಗಳು ಬಿದ್ದವು. ಬಿದ್ದವು ಓಡಿದವು.

“ಒಂದು, ಎರಡು, ಮೂರು...” ಊರಮ್ಮ ಎಣಿಸಿದಳು. ಹೂವಿನೊಳಗೆ ನಿಂತವರೂ ದನಿಗೂಡಿಸಿದರು. “...ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು.”

ತನ್ನ ಹೂವನ್ನು ಬೇರೆ ಅಂಚಿನ ಮೇಲೆ ಬಡಿದಳು. “ಒಂದು. ಎರಡು. ಮೂರು. ನಾಕು.” ಸ್ವಲ್ಪ ಹೊತ್ತು ಕಾದಳು. “ನನ್ನದ್ರಾಗ ಇಲ್ಲ ಅನ್ನಂಗಿಲ್ಲ. ಅದಾವು. ನಾಕು ಅದಾವು. ಎರಡಕ್ಕೂ ನೀರು ಹೊತ್ತಾಕಿ ನಾನಾ, ಎರಡರಾಗೂ ಓಡಾಡಿದಾಕಿ ನಾನಾ. ನನ್ನಿಂದ ಬರೋದಾದ್ರ ನನ್ನ ಹೊಲಕ್ಕ ಮೊದ್ಲು ಬರಬೇಕಿತ್ತು. ನಿಮ್ಮದಕ್ಕ ಎಣ್ಣಿ ಬೆರಸಿದ್ದೂ ಇದಾ ಕೈ. ಆ ಎಣ್ಣಿ ಯಾವುದನ್ನ ಕೊಂದು ಯಾವುದನ್ನ ಉಳಿಸೈತಿ ನೋಡ್ರಿ. ಸಿರುಗುಪ್ಪದಾಗ ಹೇಳಿದ್ರು ಇದನ್ನ. ನೀವು ಮುಂದ ಕುಂತಿದ್ರಿ.”

ಬಿಸಿಲು ಏರುತ್ತಿತ್ತು. ಹುಲುಗೇಶ್ ಒದ್ದೆ ಕಾಲಿನಲ್ಲಿ ನಿಂತಿದ್ದ. ಬರಲು ಎಲ್ಲೋ ನೀರಿನಲ್ಲಿ ಹೋಗಿತ್ತು.

ಊರಮ್ಮ ಅಂಗಿ ಬಿಟ್ಟಳು. ತಿರುಗಿ ಜೋಳ ದಾಟಿ ತನ್ನ ಗಿಡಗಳ ನಡುವೆ, ಪೂಜಿತಾಳ ಪಕ್ಕದ ಸಾಲಿನಲ್ಲಿ ನಿಂತಳು. ನಾಳೆ ಯಾರು ಬರುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಇವತ್ತು ಮಾತ್ರ ಗಿಡಗಳು ನೆಟ್ಟಗಿದ್ದವು.

ಬದುವಿನ ಮೇಲೆ ಚನ್ನಬಸವರಾಜ ಈಗ ತನ್ನ ಅಂಗಿಯ ಅಂಚನ್ನು ತಾನೇ ಹಿಡಿದುಕೊಂಡು ನಿಂತಿದ್ದ, ತುಳುಕುವ ಏನನ್ನೋ ಹಿಡಿದವನ ಹಾಗೆ. ಚುಕ್ಕೆಗಳು ಗುಂಡಿಯಿಂದ ಗುಂಡಿಗೆ ಏರುತ್ತಿದ್ದವು. ಒಂದು ಕಾಲರಿನ ಹತ್ತಿರ ಬಂದಿತ್ತು. ಅವನು ಇನ್ನೊಂದು ಕೈ ಎತ್ತಿದ.

“ಝಾಡಿಸಬ್ಯಾಡ್ರಿ,” ಊರಮ್ಮ ಹೂವಿನೊಳಗಿಂದ ಕೂಗಿದಳು. “ಎಣಸ್ರಿ.”